ಇಸುಬು ಇರುವುದು ಚರ್ಮದಲ್ಲಿ, ಹುಡುಕುವುದು ರಕ್ತದಲ್ಲಿ!



ಈ ಬಾರಿ ಶಾಲೆಯ ನೆನಪುಗಳನ್ನು ಬದಿಗಿಟ್ಟು ಒಂದು ಜಗಳದ ವಿಷಯವನ್ನು ಕೈಗೆತ್ತಿಕೊಂಡಿದ್ದೇನೆ. ಕೆಲವು ತಿಂಗಳುಗಳಿಂದ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ನನ್ನ ಮುಂದಿಡುತ್ತಿದ್ದೀರಿ. “ಸಾರ್, ಮಗುವಿಗೆ ಐಜಿಇ ಎಂಟುನೂರು ಬಂದಿದೆ, ಬಹಳ ಹೆಚ್ಚಾಯಿತೇ?” “ಮಾವ, ಹೋದ ಸಲಕ್ಕಿಂತ ಈಸಿನೊಫಿಲ್ ಇಳಿದಿದೆ, ಇಸುಬು ವಾಸಿಯಾಗುತ್ತಿದೆ ಎಂದು ತಿಳಿಯಬಹುದೇ?” ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಔಷಧದ ವಿಚಾರದಲ್ಲಿ ನನ್ನ ಮಾತು ಯಾವ ವೈದ್ಯರ ಮಾತಿಗೂ ಬದಲಿಯಲ್ಲ. ಆದರೆ ಒಂದು ಅಳತೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ವಿಚಾರಿಸುವುದು ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ, ಎಂಟನೆಯ ತರಗತಿಯ ಭೌತಶಾಸ್ತ್ರದ ಪ್ರಶ್ನೆಯೂ ಹೌದು. ಥರ್ಮಾಮೀಟರಿನಿಂದ ತೂಕ ನೋಡಬಾರದೆಂದು ನಿಮಗೆಲ್ಲ ಹೇಳಿಕೊಟ್ಟಿದ್ದೇನೆ. ಈಗ ನೀವೇ ನಿಮ್ಮ ಮಕ್ಕಳ ವಿಷಯದಲ್ಲಿ ಅದನ್ನು ಮಾಡುತ್ತಿರುವಾಗ ಸುಮ್ಮನಿರುವುದು ನನ್ನಿಂದಾಗದು.

ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಹುಕಾಲ ಕಾಡುವ ಇಸುಬು ಎಷ್ಟು ತೀವ್ರವಾಗಿದೆ ಎಂಬುದನ್ನು ನಮ್ಮ ಬಡಾವಣೆಗಳಲ್ಲಿ ಇಂದು ಮಾರಾಟವಾಗುತ್ತಿರುವ ಯಾವ ರಕ್ತಪರೀಕ್ಷೆಯೂ ನಂಬುವಂತೆ ಹೇಳಲಾರದು. ಅದನ್ನು ಹೇಳುವುದು ಕಣ್ಣು, ಕೈ ಮತ್ತು ರೋಗಿಯ ಬಾಯಿ. ಈ ಮೂರನ್ನೂ ಬದಿಗೊತ್ತಿ ಕಾಗದದ ಮೇಲಿನ ಅಂಕಿಯನ್ನು ಪೂಜಿಸುವುದರಿಂದ ದುಡ್ಡಿಗೆ ಮಾತ್ರವಲ್ಲ, ಮಕ್ಕಳ ಬೆಳವಣಿಗೆಗೂ ಧಕ್ಕೆಯಾಗುತ್ತಿದೆ.

ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಬೆಳಗಿನ ಹೊತ್ತು ನಡೆದವರಿಗೆ ಗೊತ್ತು. ಸೊಪ್ಪಿನ ಗಾಡಿ, ಹೂವಿನ ಬುಟ್ಟಿ, ಇಡ್ಲಿಯ ಹೋಟೆಲುಗಳ ನಡುವೆ ರಕ್ತಪರೀಕ್ಷೆಯ ಫಲಕಗಳು ಈಗ ಧಾರಾಳವಾಗಿ ಕಾಣುತ್ತವೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಅನುಕೂಲವೂ ಇದೆ. ಅನುಕೂಲವನ್ನು ನಾನು ಹಳಿಯುವುದಿಲ್ಲ. ನನ್ನಂಥ ಸಕ್ಕರೆ ಕಾಯಿಲೆಯ ವೃದ್ಧರಿಗೆ ಅದು ದೊಡ್ಡ ಉಪಕಾರ. ಆದರೆ ವೃತ್ತಪತ್ರಿಕೆಯ ನಡುವೆ ಬರುವ ಕರಪತ್ರಗಳಲ್ಲಿ ‘ಅಲರ್ಜಿ ಪ್ಯಾಕೇಜು’ ಎಂಬ ಹೆಸರಿನಲ್ಲಿ ಹತ್ತಾರು ಪರೀಕ್ಷೆಗಳನ್ನು ಒಟ್ಟಿಗೆ ಕಟ್ಟಿ, ವೈದ್ಯರ ಚೀಟಿಯನ್ನೂ ಕೇಳದೆ, ಹಬ್ಬದ ರಿಯಾಯಿತಿಯಲ್ಲಿ ಸೀರೆ ಮಾರಿದಂತೆ ಮಾರುವುದನ್ನು ಉಪಕಾರವೆನ್ನಲಾರೆ.

ಈ ವ್ಯಾಪಾರ ನಮ್ಮಲ್ಲಿ ಇಷ್ಟು ಸುಲಭವಾಗಿ ಬೇರೂರಿದ್ದಕ್ಕೆ ಕಾರಣವೊಂದಿದೆ. ಚರ್ಮದಲ್ಲಿ ಏನೇ ಎದ್ದರೂ ‘ರಕ್ತ ಕೆಟ್ಟಿದೆ’ ಎನ್ನುವುದು ನಮ್ಮ ಹಿರಿಯರ ಮಾತು. ನನ್ನ ಬಾಲ್ಯದಲ್ಲಿ ಇಸುಬು ಬಂದ ಮಕ್ಕಳಿಗೆ ರಕ್ತಶುದ್ಧಿಯ ಕಹಿ ಕಷಾಯ ಕುಡಿಸುತ್ತಿದ್ದರು. ಮುಂದೆ ಅದೇ ಹೆಸರಿನ ಸೀಸೆಗಳು ಅಂಗಡಿಗೆ ಬಂದವು. ಕಷಾಯವನ್ನು ಮೂಢನಂಬಿಕೆಯೆಂದು ನಕ್ಕ ನಮ್ಮ ಇಂಜಿನಿಯರು ಮಕ್ಕಳು ಈಗ ಅದೇ ನಂಬಿಕೆಯನ್ನು ಅಂಕಿಗಳ ವೇಷದಲ್ಲಿ ಮನೆಯೊಳಕ್ಕೆ ಕರೆದುಕೊಂಡಿದ್ದಾರೆ. ಕಾಯಿಲೆ ರಕ್ತದಲ್ಲಿದೆ, ಆದುದರಿಂದ ಅದರ ಅಳತೆಯೂ ರಕ್ತದಲ್ಲಿಯೇ ಸಿಗಬೇಕು ಎಂಬುದು ಇಬ್ಬರ ತರ್ಕವೂ ಹೌದು. ವ್ಯತ್ಯಾಸವಿಷ್ಟೇ: ಅಜ್ಜಿಯ ಕಷಾಯಕ್ಕೆ ಬಿಲ್ಲು ಬರುತ್ತಿರಲಿಲ್ಲ.

ಈಗ ವಿಜ್ಞಾನಕ್ಕೆ ಬರೋಣ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಇಸುಬಿಗೆ ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಎಳೆಯ ಮಕ್ಕಳಿಗೆ ಕೆನ್ನೆಯಲ್ಲಿ, ಸ್ವಲ್ಪ ದೊಡ್ಡವರಿಗೆ ಮೊಣಕೈಯ ಮಡಿಕೆಯಲ್ಲಿ, ಮೊಣಕಾಲ ಹಿಂಬದಿಯಲ್ಲಿ ಒಣಗಿ, ಕೆಂಪಾಗಿ, ವಿಪರೀತ ನವೆಯಾಗಿ, ಕೆರೆದು ನೀರು ಸೋರುವ ಕಾಯಿಲೆ ಇದು. ಅಂಟುರೋಗವಲ್ಲ. ಬರುವುದು ಹೋಗುವುದು ಇದರ ಸ್ವಭಾವ. ನಮ್ಮ ಚರ್ಮದ ಹೊರಪದರ ಇಟ್ಟಿಗೆ ಗೋಡೆಯಂತೆ. ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬಿನಂಶ ಗಾರೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ನಗರದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿರುವವರಿಗೆ ಈ ಕಾಯಿಲೆಯ ಸಂಭವ ಬಹಳ ಹೆಚ್ಚೆಂದು ತೋರಿಸಿದರು. ಅಂದರೆ ಅನೇಕರಲ್ಲಿ ಮೊದಲು ಬಿರುಕು ಬಿಡುವುದು ಗೋಡೆ. ಬಿರುಕಿನಿಂದ ತೇವ ಹೊರಗೆ ಹೋಗುತ್ತದೆ, ಧೂಳು ಮತ್ತು ಸೂಕ್ಷ್ಮಾಣುಗಳು ಒಳಗೆ ಬರುತ್ತವೆ, ದೇಹದ ಕಾವಲು ಪಡೆ ಕೆರಳುತ್ತದೆ. ಈ ಕಾಳಗ ನಡೆಯುವುದು ಚರ್ಮದ ಒಳಪದರದಲ್ಲಿ.

ಹಾಗಾದರೆ ಐಜಿಇ ಎಂದರೇನು? ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯವದು. 1960ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಅವರೂ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಇಸುಬಿರುವ ಬಹಳ ಮಂದಿಯ ರಕ್ತದಲ್ಲಿ ಇದು ಹೆಚ್ಚಾಗಿರುವುದು ನಿಜ. ಆದರೆ ಸುಮಾರು ಐದು ಜನರಲ್ಲಿ ಒಬ್ಬರಿಗೆ ಇಸುಬಿದ್ದರೂ ಐಜಿಇ ಸಾಮಾನ್ಯ ಮಟ್ಟದಲ್ಲಿಯೇ ಇರುತ್ತದೆ. ಇತ್ತ ಮೂಗು ಸೋರುವವರಿಗೆ, ಉಬ್ಬಸದವರಿಗೆ ಚರ್ಮ ಸ್ವಚ್ಛವಾಗಿದ್ದರೂ ಅದು ಏರಿರಬಹುದು. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಇದೆ: ಜಂತುಹುಳು. ಹೊಟ್ಟೆಯಲ್ಲಿ ಹುಳುವಿರುವ ಮಗುವಿನ ಐಜಿಇಯೂ ಈಸಿನೊಫಿಲ್ ಎಣಿಕೆಯೂ ಏರುತ್ತವೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳ ಕೈಗಿಟ್ಟವರು ನಾವೇ ಅಲ್ಲವೇ? ಒಂದೇ ಅಂಕಿಯು ಹುಳುವಿಗೂ ಏರಿ, ಉಬ್ಬಸಕ್ಕೂ ಏರಿ, ಇಸುಬಿಗೂ ಏರಿ, ಕೆಲವೊಮ್ಮೆ ಇಸುಬಿದ್ದೂ ಏರದಿದ್ದರೆ ಅದು ಇಸುಬಿನ ಅಳತೆಗೋಲಾಗುವುದು ಹೇಗೆ?

ಇದು ನನ್ನ ಸ್ವಂತ ತರ್ಕವೆಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿಯು 2014ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ಕಾಯಿಲೆಯನ್ನು ಗುರುತಿಸುವುದಕ್ಕಾಗಲಿ ಅದರ ತೀವ್ರತೆಯನ್ನು ಅಳೆಯುವುದಕ್ಕಾಗಲಿ ಶಿಫಾರಸು ಮಾಡಬಹುದಾದ ನಿರ್ದಿಷ್ಟ ಸೂಚಕವೊಂದೂ ಇಲ್ಲವೆಂದೂ, ತೀವ್ರತೆಯನ್ನು ತಿಳಿಯಲು ಐಜಿಇಯನ್ನು ಮತ್ತೆ ಮತ್ತೆ ನೋಡುವ ವಾಡಿಕೆ ಬೇಡವೆಂದೂ ಸ್ಪಷ್ಟವಾಗಿ ಹೇಳಲಾಗಿದೆ. ಇನ್ನೊಂದು ಸಾಕ್ಷ್ಯವನ್ನೂ ನೋಡಿ. ಐಜಿಇಯೇ ಇಸುಬಿನ ಎಂಜಿನ್ನಾಗಿದ್ದರೆ, ಅದನ್ನು ರಕ್ತದಲ್ಲಿ ಹಿಡಿದು ಕಟ್ಟಿಹಾಕುವ ಓಮಲಿಜುಮ್ಯಾಬ್ ಎಂಬ ಚುಚ್ಚುಮದ್ದು ಇಸುಬನ್ನು ಓಡಿಸಬೇಕಾಗಿತ್ತು. ಉಬ್ಬಸದಲ್ಲಿ ಉಪಯೋಗಕ್ಕೆ ಬಂದ ಆ ಮದ್ದು ಇಸುಬಿನಲ್ಲಿ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಗಣನೀಯ ಫಲ ಕೊಟ್ಟದ್ದು 2017ರಲ್ಲಿ ಅಮೆರಿಕದಲ್ಲಿ ಮಂಜೂರಾದ ಡುಪಿಲುಮ್ಯಾಬ್. ಅದು ತಡೆಯುವುದು ಐಜಿಇಯನ್ನಲ್ಲ. ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ, ಕಾವಲು ಕೋಶಗಳು ಪರಸ್ಪರ ಕಳುಹಿಸುವ ಸಂದೇಶಗಳನ್ನು.

ಇಷ್ಟರಿಂದ ನಷ್ಟವೇನು, ಒಂದು ಪರೀಕ್ಷೆ ಹೆಚ್ಚಾದರೆ ಆಕಾಶ ಕಳಚಿ ಬೀಳುವುದೇ ಎಂದು ನೀವು ಕೇಳಬಹುದು. ಬೀಳುವುದು ಆಕಾಶವಲ್ಲ, ಮಗುವಿನ ತೂಕ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ನನ್ನ ಹೆಂಡತಿ ಹುಡುಗನ ಕೈಗೆ ಕಡಲೆಕಾಯಿ ಚಿಕ್ಕಿಯ ತುಂಡೊಂದನ್ನು ಇಡುತ್ತಿದ್ದಂತೆಯೇ ತಾಯಿ ಗಾಬರಿಯಿಂದ ಕಸಿದುಕೊಂಡಳು. ವಿಚಾರಿಸಿದಾಗ ಒಂದು ದಪ್ಪ ಕಡತ ಹೊರಬಂತು. ಪ್ಯಾಕೇಜಿನ ವರದಿಯಲ್ಲಿ ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಬದನೆಕಾಯಿ ಎಲ್ಲದರ ಮುಂದೆಯೂ ಕೆಂಪು ಗುರುತು. ಅಂದಿನಿಂದ ಹುಡುಗನಿಗೆ ಅವೆಲ್ಲವೂ ಬಂದ್. “ಇವುಗಳನ್ನು ತಿಂದು ಎಂದಾದರೂ ತೊಂದರೆಯಾಗಿತ್ತೇನಮ್ಮ?” ಎಂದು ಕೇಳಿದೆ. “ಇಲ್ಲ ಸಾರ್, ಮೊದಲು ಎಲ್ಲಾ ತಿನ್ನುತ್ತಿದ್ದ” ಎಂದಳು. “ಬಿಡಿಸಿದ ಮೇಲೆ ಇಸುಬು ಹೋಯಿತೇ?” ಎಂದೆ. ಹುಡುಗನೇ ತೋಳು ಮಡಿಚಿ ತೋರಿಸಿದ. ಇಸುಬು ಇದ್ದಲ್ಲಿಯೇ ಇತ್ತು. ತೋಳು ಮಾತ್ರ ಕಡ್ಡಿಯಾಗಿತ್ತು. ಮಕ್ಕಳ ವೈದ್ಯರ ಬಳಿಗೆ ಹೋಗಿ ಇದನ್ನೆಲ್ಲ ಹಾಗೆಯೇ ಹೇಳೆಂದು ಕಳುಹಿಸಿಕೊಟ್ಟೆ.

ಇಲ್ಲಿ ಗಮನಿಸಬೇಕಾದ ತತ್ತ್ವ ಒಂದೇ. ರಕ್ತದಲ್ಲಿ ಒಂದು ಆಹಾರದ ವಿರುದ್ಧ ಐಜಿಇ ಇರುವುದು ಬೇರೆ, ಆ ಆಹಾರ ತಿಂದರೆ ದೇಹಕ್ಕೆ ಕೆಡುಕಾಗುವುದು ಬೇರೆ. ಮೊದಲನೆಯದು ಪರಿಚಯ, ಎರಡನೆಯದು ಹಗೆತನ. ಇಸುಬಿನ ಮಕ್ಕಳಲ್ಲಿ ಪರಿಚಯ ಬಹಳ ಆಹಾರಗಳ ಮೇಲೆ ಇರುತ್ತದೆ, ಹಗೆತನ ಕೆಲವೇ ಆಹಾರಗಳ ಮೇಲೆ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ಗಂಧೆ ಎದ್ದು, ತುಟಿ ಊದಿ, ವಾಂತಿಯಾಗಿ, ಉಸಿರು ಕಟ್ಟಿದ್ದರೆ ಆಗ ನಿಜಕ್ಕೂ ಪರೀಕ್ಷೆ ಬೇಕು, ತಜ್ಞರೂ ಬೇಕು. ಅದರಲ್ಲಿ ಎರಡು ಮಾತಿಲ್ಲ. ಅಂಥ ಇತಿಹಾಸವೇ ಇಲ್ಲದ ಮಗುವಿನ ರಕ್ತದಲ್ಲಿ ಬಲೆ ಬೀಸಿ ಸಿಕ್ಕಿದ್ದನ್ನೆಲ್ಲ ತಟ್ಟೆಯಿಂದ ತೆಗೆಯುವುದು ಅನ್ಯಾಯ.

ಅನ್ಯಾಯ ಮಾತ್ರವಲ್ಲ, ಅಪಾಯವೂ ಹೌದು. ಲಂಡನ್ನಿನಲ್ಲಿ ಪ್ರೊಫೆಸರ್ ಗಿಡಿಯನ್ ಲ್ಯಾಕ್ ಅವರ ತಂಡ 640 ಶಿಶುಗಳ ಮೇಲೆ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಎಲ್ಲರೂ ತೀವ್ರ ಇಸುಬೋ ಮೊಟ್ಟೆಯ ಅಲರ್ಜಿಯೋ ಇದ್ದ, 4ರಿಂದ 11 ತಿಂಗಳ ಮಕ್ಕಳು. ಅರ್ಧ ಮಂದಿಗೆ ಕಡಲೆಕಾಯಿಯ ತಿನಿಸನ್ನು ಕ್ರಮವಾಗಿ ತಿನ್ನಿಸಿದರು, ಉಳಿದರ್ಧ ಮಂದಿಗೆ ಐದು ವರ್ಷದವರೆಗೂ ತಿನ್ನಿಸಲಿಲ್ಲ. ಕೊನೆಗೆ ಕಡಲೆಕಾಯಿಯ ಅಲರ್ಜಿ ಹೆಚ್ಚಾಗಿ ಬಂದದ್ದು ಯಾರಿಗೆ? ತಿನ್ನದೆ ಬೆಳೆದವರಿಗೆ. ತಿಂದವರಲ್ಲಿ ಅದು ಸುಮಾರು ಶೇಕಡಾ 80ರಷ್ಟು ಕಡಿಮೆಯಾಗಿತ್ತು. (ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದ ಪ್ರಯೋಗವದು, ತೀವ್ರ ಇಸುಬಿನ ಹಸುಗೂಸಿಗೆ ನಿಮ್ಮಷ್ಟಕ್ಕೆ ನೀವೇ ಪ್ರಯೋಗ ಮಾಡಹೋಗಬೇಡಿ.) ಹೆದರಿ ದೂರವಿಟ್ಟ ಆಹಾರವೇ ಮುಂದೆ ಶತ್ರುವಾಗಬಹುದು ಎಂಬ ಪಾಠವನ್ನು ಇದು ಕಲಿಸುತ್ತದೆ. ರಾಗಿ, ಕಡಲೆಕಾಯಿ, ಮೊಸರುಗಳಿಂದ ಬೆಳೆದ ನಾಡಿನಲ್ಲಿ ಒಂದು ಕಾಗದಕ್ಕೆ ಹೆದರಿ ಮಕ್ಕಳ ತಟ್ಟೆ ಬರಿದಾಗಿಸುವುದನ್ನು ಏನೆನ್ನಬೇಕು?

ಎರಡನೆಯ ಉದಾಹರಣೆ ಹಿರಿಯರದು, ನಮ್ಮ ಬೆಂಗಳೂರಿನದೇ ಆದದ್ದು. ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಕಾರ್ಖಾನೆಗಳ ಗೋಡೆಗುಂಟ ಮಳೆ ಬಿದ್ದೊಡನೆ ಎದೆಯುದ್ದ ಬೆಳೆಯುವ ಪಾರ್ಥೇನಿಯಂ ನಿಮಗೆಲ್ಲ ಗೊತ್ತು. ಬಿಳಿಯ ಪುಟ್ಟ ಹೂಗಳಿಂದಾಗಿ ನಮ್ಮ ಜನ ಅದನ್ನು ಕಾಂಗ್ರೆಸ್ ಗಿಡ ಎಂದು ಕರೆದರು. ಅಮೆರಿಕ ಖಂಡದ ಈ ಕಳೆಯನ್ನು ಭಾರತದಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯ ಬಳಿ ಗುರುತಿಸಲಾಯಿತು. ಆಮದು ಧಾನ್ಯದೊಡನೆ ಬಂದಿತೆಂಬುದು ಸಾಮಾನ್ಯ ಅಭಿಪ್ರಾಯ. ಅಲ್ಲಿಂದ ಬೆಂಗಳೂರಿಗೆ ಬಂದು ಇಲ್ಲಿಯೇ ಮನೆ ಮಾಡಿಕೊಂಡಿತು. ಇದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಎಲೆಯ ರೋಮಗಳಲ್ಲಿಯೂ ಒಣಗಿದ ಗಿಡದ ಧೂಳಿನಲ್ಲಿಯೂ ಗಾಳಿಗೆ ಸೇರಿ ಮುಖ, ಕಣ್ಣರೆಪ್ಪೆ, ಕತ್ತು, ಅಂಗಿಯ ಗುಂಡಿ ತೆರೆದ ಎದೆಯ ಭಾಗ, ಮೊಣಕೈಯ ಮಡಿಕೆಗಳಲ್ಲಿ ಹಟಮಾರಿ ಇಸುಬನ್ನು ಎಬ್ಬಿಸುತ್ತದೆ. ತೋಟದ ಮಾಲಿಗಳು, ರೈತರು, ಕಟ್ಟಡದ ಕೂಲಿಗಳು, ಬೆಳಗಿನ ವಾಯುವಿಹಾರದ ಮುದುಕರು ಇದಕ್ಕೆ ಸುಲಭವಾಗಿ ಸಿಕ್ಕುತ್ತಾರೆ. ಮುಖ ಕಪ್ಪಾಗಿ, ಚರ್ಮ ಆನೆಯ ತೊಗಲಿನಂತೆ ದಪ್ಪಗಾಗಿ, ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟವರನ್ನು ನಾನು ಬಲ್ಲೆ.

ಈ ಇಸುಬು ಮುಖ್ಯವಾಗಿ ತಡವಾಗಿ ಕೆರಳುವ ಬಗೆಯದು. ಇದನ್ನು ನಡೆಸುವುದು ಟಿ-ಕೋಶಗಳು. ಅಂಥ ಅಲರ್ಜಿಯನ್ನು ಗುರುತಿಸುವ ಪರೀಕ್ಷೆ ಪ್ಯಾಚ್ ಟೆಸ್ಟ್. ಅನುಮಾನದ ವಸ್ತುವನ್ನು ಬೆನ್ನಿನ ಚರ್ಮಕ್ಕೆ ಅಂಟಿಸಿ ಎರಡು ದಿನದ ಮೇಲೆ ತೆಗೆದು, ಅಲ್ಲಿಯೂ ಮತ್ತೆ ಒಂದೆರಡು ದಿನ ಕಳೆದು ಚರ್ಮ ಕೆರಳಿದೆಯೇ ಎಂದು ನೋಡುವುದು. ಜರ್ಮನ್ ವೈದ್ಯ ಯಾಡಾಸ್ಸೋನ್ 1895ರಲ್ಲಿ ತೋರಿಸಿಕೊಟ್ಟ ವಿಧಾನ, ಇಂದಿಗೂ ಹಳತಾಗಿಲ್ಲ. ಭಾರತದಲ್ಲಿ ಬಳಸುವ ಪ್ಯಾಚ್ ಟೆಸ್ಟ್ ಸರಣಿಯಲ್ಲಿ ಪಾರ್ಥೇನಿಯಂ ಸೇರಿಯೇ ಇದೆ. ಎಂಥ ಸೊಗಸು ನೋಡಿ: ಚರ್ಮದ ಕಾಯಿಲೆಯನ್ನು ಚರ್ಮವನ್ನೇ ಕೇಳುವುದು! ಇದನ್ನು ಮಾಡಿಸದೆ ವರ್ಷಗಟ್ಟಲೆ ಐಜಿಇ ನೋಡಿಕೊಂಡು ಕುಳಿತವನ ಮನೆಯ ಎದುರಿನ ಸೈಟಿನಲ್ಲಿ ಗಿಡ ಹೂ ಬಿಡುತ್ತಲೇ ಇರುತ್ತದೆ. ಒಂದೊಂದು ಗಿಡವೂ ಸಾವಿರಾರು ಬೀಜ ಚೆಲ್ಲುತ್ತದೆ. ಕರ್ನಾಟಕ ಸರ್ಕಾರ 1975ರಲ್ಲಿಯೇ ಇದನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತು. ಇದನ್ನು ಮೇಯಲೆಂದು ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ತನ್ನ ಕೈಲಾದಷ್ಟು ಮೇಯುತ್ತಿದೆ. ಮನುಷ್ಯರಾದ ನಾವು ಮಾತ್ರ ಕಳೆ ಕೀಳುವುದನ್ನು ಬಿಟ್ಟು ರಕ್ತ ಕೊಡಲು ಸಾಲು ನಿಂತಿದ್ದೇವೆ.

ಹಾಗಾದರೆ ತೀವ್ರತೆಯನ್ನು ಅಳೆಯುವುದು ಹೇಗೆ? ಅದಕ್ಕೆ ಶಾಸ್ತ್ರೀಯವಾದ ವಿಧಾನಗಳಿವೆ. ಯೂರೋಪಿನ ತಜ್ಞರು 1993ರಲ್ಲಿ ಸ್ಕೊರಾಡ್ ಎಂಬ ಲೆಕ್ಕವನ್ನು ರೂಪಿಸಿದರು. ಮೈಯ ಶೇಕಡಾ ಎಷ್ಟು ಭಾಗ ಕೆಟ್ಟಿದೆ ಎಂಬುದನ್ನು ಐದರಿಂದ ಭಾಗಿಸಬೇಕು. ಕೆಂಪು, ಊತ, ಸೋರುವಿಕೆ ಮತ್ತು ಹಕ್ಕಳೆ, ಪರಚಿದ ಗಾಯ, ದಪ್ಪಗಾಗುವಿಕೆ, ಶುಷ್ಕತೆ ಈ ಆರಕ್ಕೆ ತಲಾ 0ರಿಂದ 3 ಅಂಕ ಕೊಟ್ಟು, ಮೊತ್ತವನ್ನು ಮೂರೂವರೆಯಿಂದ ಗುಣಿಸಬೇಕು. ನವೆಗೂ ನಿದ್ರಾಭಂಗಕ್ಕೂ ರೋಗಿಯನ್ನೇ ಕೇಳಿ ತಲಾ 10ಕ್ಕೆ ಅಂಕ ಕೊಡಬೇಕು. ಮೂರನ್ನೂ ಕೂಡಿಸಿದರೆ ಗರಿಷ್ಠ ಮೊತ್ತ 103. (ನೂರಕ್ಕೆ ನೂರಮೂರು ಕೊಡುವ ಪರೀಕ್ಷಕರೂ ಇದ್ದಾರೆಂದು ನಗಬೇಡಿ!) ಇದು ವೈದ್ಯರು ಮಾಡುವ ಲೆಕ್ಕ.

ತಾಯಂದಿರು ಮನೆಯಲ್ಲಿಯೇ ಮಾಡಬಹುದಾದ ಲೆಕ್ಕವನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಂಶೋಧಕರು 2004ರಲ್ಲಿ ಕೊಟ್ಟರು. ಅದರ ಹೆಸರು ಪೋಯಮ್. ಕಳೆದ ಒಂದು ವಾರದಲ್ಲಿ ಎಷ್ಟು ದಿನ ನವೆಯಾಯಿತು? ಎಷ್ಟು ರಾತ್ರಿ ನಿದ್ರೆ ಕೆಟ್ಟಿತು? ಎಷ್ಟು ದಿನ ರಕ್ತ ಬಂತು? ಎಷ್ಟು ದಿನ ನೀರು ಸೋರಿತು? ಎಷ್ಟು ದಿನ ಚರ್ಮ ಬಿರಿಯಿತು? ಎಷ್ಟು ದಿನ ಹೊಟ್ಟು ಉದುರಿತು? ಎಷ್ಟು ದಿನ ಒಣಗಿ ಒರಟಾಗಿತ್ತು? ಏಳೇ ಪ್ರಶ್ನೆ. ಒಂದು ದಿನವೂ ಇಲ್ಲದಿದ್ದರೆ 0, ಒಂದೆರಡು ದಿನವಾದರೆ 1, ಮೂರು ನಾಲ್ಕಕ್ಕೆ 2, ಐದಾರಕ್ಕೆ 3, ಪ್ರತಿದಿನವೂ ಆದರೆ 4. ಒಂದು ಮಗುವಿಗೆ ನವೆ ಪ್ರತಿದಿನ (4), ನಿದ್ರಾಭಂಗ ಮೂರು ರಾತ್ರಿ (2), ರಕ್ತ ಒಂದು ದಿನ (1), ಸೋರುವಿಕೆ ಇಲ್ಲ (0), ಬಿರುಕು ಎರಡು ದಿನ (1), ಹೊಟ್ಟು ಐದು ದಿನ (3), ಶುಷ್ಕತೆ ಪ್ರತಿದಿನ (4) ಎಂದಿಟ್ಟುಕೊಳ್ಳಿ. ಒಟ್ಟು 28ಕ್ಕೆ 15. ಎರಡರವರೆಗೆ ಇಲ್ಲವೆಂದೇ ಲೆಕ್ಕ, 3ರಿಂದ 7 ಸೌಮ್ಯ, 8ರಿಂದ 16 ಮಧ್ಯಮ, 17ರಿಂದ 24 ತೀವ್ರ, ಅದರ ಮೇಲೆ ಅತಿ ತೀವ್ರ. ಈ ಮಗುವಿನದು ಮಧ್ಯಮ. ಮುಂದಿನ ತಿಂಗಳು 6ಕ್ಕೆ ಇಳಿದರೆ ಔಷಧ ಹಿಡಿದಿದೆ, 20ಕ್ಕೆ ಏರಿದರೆ ಬೇಗ ವೈದ್ಯರಲ್ಲಿಗೆ ಹೋಗಿ. ಬೇಕಾದದ್ದು ಒಂದು ಕ್ಯಾಲೆಂಡರು, ಒಂದು ಪೆನ್ಸಿಲು. ಸೂಜಿಯಿಲ್ಲ, ಅಳುವಿಲ್ಲ, ಬಿಲ್ಲಿಲ್ಲ.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಕಣ್ಣಿನ ಅಳತೆ ನೋಡುವವರಿಂದ ನೋಡುವವರಿಗೆ ಬದಲಾಗುತ್ತದೆ ಎನ್ನುತ್ತಾರೆ. ನಿಜ. ಬಿಳಿಯರ ಚರ್ಮವನ್ನು ನೋಡಿ ಬರೆದ ‘ಕೆಂಪು’ ನಮ್ಮ ಶ್ಯಾಮಲ ವರ್ಣದಲ್ಲಿ ನೇರಳೆಯಾಗಿಯೋ ಬೂದಿಯಾಗಿಯೋ ಕಾಣುವುದರಿಂದ ತೀವ್ರತೆ ಕಡಿಮೆಯೆಂದು ತೋರಬಹುದು. ಇದೂ ನಿಜ, ಬಹಳ ಗಂಭೀರವಾದ ಆಕ್ಷೇಪಣೆ. ಆದರೆ ಇದರ ಪರಿಹಾರ ಕಣ್ಣನ್ನು ಪಳಗಿಸುವುದು, ಕೈಯಿಂದ ಮುಟ್ಟಿ ಊತ ಮತ್ತು ದಪ್ಪವನ್ನು ತಿಳಿಯುವುದು, ನಿದ್ರೆ ಹೇಗಿದೆಯೆಂದು ಕೇಳುವುದು. ಉತ್ತರಪತ್ರಿಕೆಯ ಮೌಲ್ಯಮಾಪನದಲ್ಲಿ ಇಬ್ಬರು ಮೇಷ್ಟ್ರ ಅಂಕ ಬೇರೆಯಾದರೆ ಎರಡನೆಯ ಬಾರಿ ತಿದ್ದಿಸುತ್ತೇವೆಯೇ ಹೊರತು, ಹುಡುಗನ ಎತ್ತರ ಅಳೆದು ಅಂಕ ಹಾಕುವುದಿಲ್ಲ. ಎತ್ತರದ ಅಳತೆ ಬಹಳ ನಿಖರ. ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಜಪಾನಿನ ಉದಾಹರಣೆಯನ್ನೂ ಕೆಲವರು ಎತ್ತುತ್ತಾರೆ. ಅಲ್ಲಿ ಟಾರ್ಕ್ ಎಂಬ ಸೂಚಕದ ರಕ್ತಪರೀಕ್ಷೆಗೆ ಈ ಕಾಯಿಲೆಯಲ್ಲಿ 2008ರಿಂದ ಆರೋಗ್ಯ ವಿಮೆಯ ಮಾನ್ಯತೆ ಇದೆ. ಕಾವಲು ಕೋಶಗಳನ್ನು ಚರ್ಮಕ್ಕೆ ಕರೆಯುವ ರಾಸಾಯನಿಕವದು. ಐಜಿಇಗಿಂತ ಎಷ್ಟೋ ಉತ್ತಮವಾಗಿ ಇಸುಬಿನ ಏರಿಳಿತವನ್ನು ಹಿಂಬಾಲಿಸುತ್ತದೆ. ಇದನ್ನು ಸಂತೋಷದಿಂದ ಒಪ್ಪುತ್ತೇನೆ. ಆದರೆ ಅಲ್ಲಿಯೂ ಅದು ವೈದ್ಯರ ಕಣ್ಣಿಗೆ ಸಹಾಯಕವೇ ಹೊರತು ಬದಲಿಯಲ್ಲ. ಹಸುಗೂಸುಗಳಲ್ಲಿ ಅದರ ಮಟ್ಟ ಸಹಜವಾಗಿಯೇ ಹೆಚ್ಚಿರುವುದರಿಂದ ವಯಸ್ಸಿಗೆ ತಕ್ಕಂತೆ ಓದಬೇಕು. ನಮ್ಮ ಕರಪತ್ರಗಳ ಪ್ಯಾಕೇಜಿನಲ್ಲಿ ಮಾರುವುದಾದರೋ ಐಜಿಇಯನ್ನು. ಟಾರ್ಕಿನ ಕೀರ್ತಿಯನ್ನು ತೋರಿಸಿ ಐಜಿಇಯನ್ನು ಮಾರುವುದು, ಕುದುರೆಯ ಚಿತ್ರ ತೋರಿಸಿ ಕತ್ತೆಯನ್ನು ಮಾರಿದ ಹಾಗೆ. ನಾಳೆ ಒಳ್ಳೆಯ ಸೂಚಕ ಬಂದರೆ ಮೊದಲು ಸ್ವಾಗತಿಸುವವನು ನಾನು. ಆದರೆ ನಾಳೆಯ ವಿಜ್ಞಾನಕ್ಕೆ ಇಂದೇ ದುಡ್ಡು ಕೊಡಬೇಕಾಗಿಲ್ಲ.

ನನ್ನ ಮಾತನ್ನು ರಕ್ತಪರೀಕ್ಷೆಯೇ ಬೇಡ ಎಂದು ತಿರುಚಬಾರದು. ಬೇಕಾದ ಕಡೆ ಬೇಕೇ ಬೇಕು. ಪಾರ್ಥೇನಿಯಂ ಇಸುಬಿಗೆ ಅಜಥಯೋಪ್ರಿನ್ ಕೊಡುವುದುಂಟು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ಇದರ ಮೇಲೆ ಹೆಚ್ಚಿನ ಕೆಲಸ ಮಾಡಿದ್ದಾರೆ. ಆ ಮಾತ್ರೆ ನುಂಗುವವರು ಬಿಳಿ ರಕ್ತಕಣಗಳ ಎಣಿಕೆಯನ್ನೂ ಯಕೃತ್ತಿನ ಪರೀಕ್ಷೆಯನ್ನೂ ವೈದ್ಯರು ಹೇಳಿದ ದಿನ ತಪ್ಪದೆ ಮಾಡಿಸಬೇಕು. ತಪ್ಪಿಸಿದರೆ ಪ್ರಾಣಕ್ಕೆ ಸಂಚಕಾರ. ಮೆಥೊಟ್ರೆಕ್ಸೇಟ್, ಸೈಕ್ಲೊಸ್ಪೋರಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಸೋರಿಯಾಸಿಸ್ ಇರುವ ಬಂಧುಗಳು ಸಕ್ಕರೆ, ಕೊಬ್ಬು, ರಕ್ತದೊತ್ತಡಗಳನ್ನು ನೋಡಿಸಿಕೊಳ್ಳಬೇಕು. ಆ ಕಾಯಿಲೆ ಹೃದಯದ ತೊಂದರೆಯನ್ನೂ ಜೊತೆಗೆ ತರಬಹುದು. ಆದರೆ ಅವರೂ ಸಿಆರ್‌ಪಿ ಏರಿತೆಂದು ಚರ್ಮ ಕೆಟ್ಟಿತೆಂದುಕೊಳ್ಳಬಾರದು. ಒಂದು ಗಂಟಲು ನೋವು, ಒಂದು ಹಲ್ಲಿನ ಕೀವು ಸಾಕು, ಸಿಆರ್‌ಪಿ ಏರಲು. ಅವರ ಕಾಯಿಲೆಗೂ 1978ರಲ್ಲಿಯೇ ಸ್ವೀಡನ್ನಿನ ಫ್ರೆಡ್ರಿಕ್ಸನ್ ಮತ್ತು ಪೆಟರ್ಸನ್ ಅವರು ಕಣ್ಣಿನಿಂದಲೇ ಅಂಕ ಹಾಕುವ ಪಾಸಿ ಎಂಬ ಕ್ರಮವನ್ನು ಕೊಟ್ಟರು. ದೊಡ್ಡ ದೊಡ್ಡ ಔಷಧ ಪ್ರಯೋಗಗಳೆಲ್ಲ ಇಂದಿಗೂ ನಡೆಯುವುದು ಅದರ ಮೇಲೆಯೇ. ಕೋಟಿಗಟ್ಟಲೆ ಹಣ ಸುರಿಯುವ ಕಂಪನಿಗಳೇ ಚರ್ಮವನ್ನು ನೋಡಿ ಅಂಕ ಹಾಕುವಾಗ ನಾವೇಕೆ ರಕ್ತ ನೋಡಿ ಹಾಕಬೇಕು?

ಆದುದರಿಂದ ರಕ್ತಪರೀಕ್ಷೆಯ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ಒಂದೇ: “ಈ ಅಂಕಿ ಹೆಚ್ಚು ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಕಡಿಮೆ ಬಂದರೆ ಏನು ಬದಲಾಗುತ್ತದೆ?” ಎರಡಕ್ಕೂ ‘ಏನೂ ಇಲ್ಲ’ ಎಂಬ ಉತ್ತರವಿದ್ದರೆ ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಚರ್ಮರೋಗ ತಜ್ಞರ ದರ್ಶನ ದುಬಾರಿಯೆನಿಸಿದರೆ ನಮ್ಮ ಸರ್ಕಾರಿ ಆಸ್ಪತ್ರೆಗಳನ್ನು ಮರೆಯಬೇಡಿ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವೇ ಇದೆ. ಪ್ಯಾಕೇಜಿಗೆ ಕೊಡುವ ಹಣದಲ್ಲಿ ಎಷ್ಟೋ ತಿಂಗಳಿಗೆ ಸಾಲುವಷ್ಟು ಚರ್ಮಕ್ಕೆ ಹಚ್ಚುವ ಮುಲಾಮು ಬರುತ್ತದೆ. ಬಿರುಕುಬಿಟ್ಟ ಗೋಡೆಗೆ ದಿನಕ್ಕೆರಡು ಬಾರಿ ಗಾರೆ ಬಳಿಯುವುದು ನೀರಸವಾದ ಕೆಲಸ ನಿಜ. ಆದರೆ ಫಲ ಕೊಡುವುದು ಅದೇ.

ಪಾಲಿಕೆಯವರಿಗೂ ಸೈಟುಗಳ ಮಾಲೀಕರಿಗೂ ಒಂದು ಮಾತು. ಹೂ ಬಿಡುವ ಮೊದಲೇ, ಮಳೆಯಾಗಿ ನೆಲ ಹಸಿಯಾಗಿರುವಾಗ, ಕೈಗವಸು ಹಾಕಿಸಿ, ಮುಖಕ್ಕೆ ಬಟ್ಟೆ ಕಟ್ಟಿಸಿ ಪಾರ್ಥೇನಿಯಂ ಕೀಳಿಸಿ. ಬರಿಗೈಯಲ್ಲಿ ಪೌರಕಾರ್ಮಿಕರಿಂದ ಕೀಳಿಸುವುದು, ಶ್ರಮದಾನವೆಂದು ಶಾಲೆಯ ಮಕ್ಕಳಿಂದ ಕೀಳಿಸುವುದು ಮಹಾಪರಾಧ. ಬೀದಿಯ ತುದಿಯ ಒಂದು ಸೈಟು ಸ್ವಚ್ಛವಾದರೆ ಆಗುವ ಉಪಕಾರ ನೂರು ರಕ್ತಪರೀಕ್ಷೆಗಳಿಂದ ಆಗದು.

ಕೊನೆಯದಾಗಿ ನಿಮಗೆಲ್ಲರಿಗೂ ಒಂದು ಮನೆಗೆಲಸ. ಮನೆಯಲ್ಲಿ ಇಸುಬಿರುವ ಮಗುವಿದ್ದರೆ ಮೇಲಿನ ಏಳು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಪ್ರತಿ ಭಾನುವಾರ ಮಗುವನ್ನೇ ಕೂರಿಸಿಕೊಂಡು ಅಂಕ ಹಾಕಿ. ನಾಲ್ಕು ವಾರದ ಹಾಳೆಯನ್ನು ವೈದ್ಯರ ಮುಂದಿಡಿ. ಐದು ನಿಮಿಷದ ಭೇಟಿಯಲ್ಲಿ ಅವರಿಗೆ ಇದಕ್ಕಿಂತ ಹೆಚ್ಚು ತಿಳಿಸುವ ಕಾಗದ ಯಾವ ಪ್ರಯೋಗಾಲಯದಿಂದಲೂ ಬರುವುದಿಲ್ಲ. ಭಿನ್ನಾಭಿಪ್ರಾಯವಿದ್ದವರು, ವಿಶೇಷವಾಗಿ ನಿಮ್ಮಲ್ಲಿ ವೈದ್ಯರಾಗಿರುವವರು, ದಯವಿಟ್ಟು ಬರೆದು ತಿಳಿಸಿ. ತರಗತಿಯಲ್ಲಿ ಕೈಯೆತ್ತಿ ಎದುರು ವಾದಿಸಿದವರೇ ನನಗೆ ಇಂದಿಗೂ ಹೆಚ್ಚು ನೆನಪಿನಲ್ಲಿರುವುದು.

ಎಲ್ಲರಿಗೂ ಶುಭವಾಗಲಿ.

ಇಂತು ನಿಮ್ಮ ಮೇಷ್ಟ್ರು,
ಹೊಸ ತಿಪ್ಪಸಂದ್ರ, ಬೆಂಗಳೂರು